ಚಳಿ ಪ್ರದೇಶದ ಮನೆಗೆ ಸ್ಪ್ರೇ ಫೋಮ್: ಮಾಡಿನ ಅಡಿಗೋ, ಅಟ್ಟದ ನೆಲಕ್ಕೋ?

ಪ್ರಶ್ನೆ

ಅಟ್ಟದ ನೆಲ 30 ಅಡಿಗೆ 30 ಅಡಿ. ಎರಡು ಇಳಿಜಾರಿನ ಮಾಡು, 12ಕ್ಕೆ 6ರ ಇಳಿತ, ಮೇಲೆ ಆಸ್ಫಾಲ್ಟ್ ಶಿಂಗಲ್, ಒಳಗೆ 2×8 ಜಂತೆಗಳು (ನಿಜ ಅಳತೆಯಲ್ಲಿ ಏಳೂಕಾಲು ಇಂಚು ಆಳ). ನೆಲದ ತೊಲೆಗಳ ನಡುವೆ 6 ಇಂಚಿನ ಹಳೆಯ ಫೈಬರ್‌ಗ್ಲಾಸ್ ಇದೆ, ಒಣಗಿಯೇ ಇದೆ. ಚಳಿಗಾಲದ ಮೂರು ತಿಂಗಳ ಸರಾಸರಿ ಸುಮಾರು ಮೈನಸ್ 5 ಡಿಗ್ರಿ ಸೆಲ್ಸಿಯಸ್, ಕೆಲವು ರಾತ್ರಿ ಮೈನಸ್ 20. ಅಟ್ಟದಲ್ಲಿ ಮನೆ ಬಿಸಿಮಾಡುವ ಫರ್ನೇಸ್ ಇಲ್ಲ, ಬಿಸಿಗಾಳಿ ಸಾಗಿಸುವ ಡಕ್ಟ್ ಇಲ್ಲ. ಬಚ್ಚಲಿನ ಫ್ಯಾನಿನ ಕೊಳವೆ ಮಾತ್ರ ಅಟ್ಟದೊಳಗೇ ಬಾಯಿ ತೆರೆದಿದೆ. ಹಿಮ ಬಿದ್ದ ಮೇಲೆ ಸೂರಿನಂಚಿನಲ್ಲಿ ಐಸ್ ಡ್ಯಾಮ್ (ಮಂಜುಗಡ್ಡೆಯ ಕಟ್ಟೆ) ಕಟ್ಟುತ್ತದೆ, ಮಾಡಿನ ಮೊಳೆಗಳ ತುದಿಯಲ್ಲಿ ಬಿಳಿ ಹಿಮ ಕೂರುತ್ತದೆ.

ಮುಂದಿರುವ ಆಯ್ಕೆಗಳು ಮೂರು. ಒಂದು, ಮಾಡಿನ ಹಲಗೆಯ ಅಡಿಗೆ 10 ಇಂಚು ಓಪನ್ ಸೆಲ್ (ಹಗುರವಾದ ಮೆತ್ತನೆಯ ಸ್ಪ್ರೇ ಫೋಮ್). ಎರಡು, ಹಲಗೆಗೆ 3 ಇಂಚು ಕ್ಲೋಸ್ಡ್ ಸೆಲ್ (ಒತ್ತಾದ ಗಟ್ಟಿ ಸ್ಪ್ರೇ ಫೋಮ್) ಹೊಡೆದು ಅದರ ಕೆಳಗೆ ಫೈಬರ್‌ಗ್ಲಾಸ್. ಮೂರು, ಮಾಡನ್ನು ಮುಟ್ಟದೆ ನೆಲದಲ್ಲೇ ಕೆಲಸ. ಯಾವುದು ಸರಿ? 600 ಬೋರ್ಡ್ ಫುಟ್‌ನ ಸ್ಪ್ರೇ ಫೋಮ್ ಕಿಟ್ (ಒಂದು ಬೋರ್ಡ್ ಫುಟ್ ಎಂದರೆ ಒಂದು ಚದರ ಅಡಿಗೆ ಒಂದು ಇಂಚು ದಪ್ಪ) ತಂದು ಸ್ವತಃ ಮಾಡಿಕೊಳ್ಳುವಷ್ಟರ ಕೆಲಸವೇ ಇದು?

ಉತ್ತರ 1

ಮೂರನೆಯದು. ನೀವೇ ಬರೆದ ಎರಡು ಲಕ್ಷಣಗಳು ಕಾರಣ ಹೇಳುತ್ತಿವೆ. ಮೊಳೆಯ ತುದಿಯ ಹಿಮ ಹೊರಗಿನಿಂದ ಬಂದದ್ದಲ್ಲ. ಕೆಳಗಿನ ಕೋಣೆಗಳ ತೇವದ ಗಾಳಿ ಚಾವಣಿಯ ಸಂದುಗಳಲ್ಲಿ ಮೇಲೇರಿ, ಅಟ್ಟದಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಕಬ್ಬಿಣದ ಮೇಲೆ ಕೂತಿದೆ. ಅದೇ ಗಾಳಿಯ ಬಿಸಿಗೆ ಮಾಡಿನ ಮೇಲಿನ ಹಿಮ ಅಡಿಯಿಂದ ಕರಗುತ್ತದೆ. ಆ ನೀರು ಗೋಡೆ ದಾಟಿ ತಣ್ಣನೆಯ ಸೂರಿಗೆ ಇಳಿದಾಗ ಮತ್ತೆ ಹೆಪ್ಪುಗಟ್ಟಿ ಕಟ್ಟೆಯಾಗುತ್ತದೆ. ಹಾಗಾಗಿ ದಪ್ಪಕ್ಕಿಂತ ಮೊದಲು ತೂತು ಮುಚ್ಚಬೇಕು. ಸಂದು ಬಿಟ್ಟು ಮೇಲೆ ಫೈಬರ್‌ಗ್ಲಾಸ್ ಪೇರಿಸುವುದೆಂದರೆ ತೂತುಕೊಡಕ್ಕೆ ಕಂಬಳಿ ಹೊದಿಸಿದ ಹಾಗೆ.

ಅಟ್ಟದಲ್ಲಿ ಡಕ್ಟ್ ಇದ್ದಿದ್ದರೆ ಅಥವಾ ಅದನ್ನು ಕೋಣೆ ಮಾಡುವ ಯೋಚನೆ ಇದ್ದಿದ್ದರೆ ಮಾಡಿಗೆ ಫೋಮ್ ಹೊಡೆಯುವುದಕ್ಕೆ ಅರ್ಥವಿತ್ತು. ಖಾಲಿ ಅಟ್ಟವನ್ನು ಬೆಚ್ಚಗಿಟ್ಟು ಏನು ಸಾಧಿಸುತ್ತೀರಿ? ವಿಸ್ತೀರ್ಣವೂ ಬೆಳೆಯುತ್ತದೆ. ನೆಲ 900 ಚದರ ಅಡಿ. ನಿಮ್ಮ ಇಳಿತಕ್ಕೆ ಮಾಡಿನ ಅಡಿಭಾಗ ಸುಮಾರು 1005, ಎರಡು ತ್ರಿಕೋನ ಗೋಡೆಗಳು ಸೇರಿ 225, ಒಟ್ಟು 1230. ಬರೀ ಫೋಮಿನಿಂದಲೇ ಜಂತೆಯ ಆಳ ತುಂಬಲು ಅಷ್ಟಕ್ಕೂ 7 ಇಂಚು ಕ್ಲೋಸ್ಡ್ ಸೆಲ್ ಎಂದರೆ 8600 ಬೋರ್ಡ್ ಫುಟ್. 55 ಗ್ಯಾಲನ್‌ನ ಜೋಡಿ ಡ್ರಮ್ಮಿನಿಂದ ಹೆಚ್ಚೆಂದರೆ 4000 ಚಿಲ್ಲರೆ ಸಿಗುತ್ತದೆ.

ನೆಲದ ಕೆಲಸ ಈ ಕ್ರಮದಲ್ಲಿ ನಡೆಯಲಿ. ಮೊದಲು ಬಚ್ಚಲಿನ ಫ್ಯಾನ್. ಅದರ ಕೊಳವೆಗೆ ಇನ್ಸುಲೇಷನ್ ಸುತ್ತಿ ಮಾಡು ದಾಟಿಸಿ ಅಥವಾ ತ್ರಿಕೋನ ಗೋಡೆಯಿಂದ ಹೊರಕ್ಕೆ ಬಿಡಿ, ಕೊನೆಗೆ ಡ್ಯಾಂಪರ್ (ಗಾಳಿ ಹಿಂದಕ್ಕೆ ಬರದಂತೆ ತಡೆಯುವ ಕದ) ಇರುವ ಮುಚ್ಚಳ ಹಾಕಿ. ಸೂರಿನ ತಳದಲ್ಲಿ ಬಿಡಬೇಡಿ. ಪಕ್ಕದ ವೆಂಟ್ ಅದೇ ಆವಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಆಮೇಲೆ ಫೈಬರ್‌ಗ್ಲಾಸನ್ನು ಒಂದೊಂದೇ ಸಾಲು ಸುತ್ತಿ ಬದಿಗಿಟ್ಟು ಕೆಳಗೆ ನೋಡಿ. ಕಪ್ಪು ಧೂಳು ಹಿಡಿದ ಜಾಗಗಳೇ ಗಾಳಿಯ ದಾರಿ, ಅದು ಫೈಬರ್‌ಗ್ಲಾಸಿನಲ್ಲಿ ಸೋಸಿ ನಿಂತ ಧೂಳು. ಪ್ರತಿ ಗೋಡೆಯ ತಲೆಪಟ್ಟಿ ಮತ್ತು ಜಿಪ್ಸಂ ಹಲಗೆ ಕೂಡುವ ಗೆರೆ, ವೈರಿನ ತೂತು, ಕೊಳಾಯಿಯ ಸ್ಟ್ಯಾಕ್ ಪೈಪಿನ ಸುತ್ತ, ತಗ್ಗಿಸಿದ ಚಾವಣಿಯ ಮೇಲಿನ ಪೊಳ್ಳು, ಎಲ್ಲವೂ ಮುಚ್ಚಲಿ. ಒಂದು ಇಂಚಿನವರೆಗಿನ ಸಂದಿಗೆ ಗನ್ನಿನಿಂದ ಹೊಡೆಯುವ ಡಬ್ಬಿ ಫೋಮ್ ಸಾಕು. ದೊಡ್ಡ ಪೊಳ್ಳಿಗೆ ಗಟ್ಟಿ ಫೋಮ್ ಹಲಗೆ ಕತ್ತರಿಸಿ ಕೂರಿಸಿ, ಅಂಚಿಗಷ್ಟೇ ಫೋಮ್ ಹೊಡೆಯಿರಿ. ದೊಡ್ಡ ತೂತಿಗೆ ಬರೀ ಫೋಮ್ ತುಂಬಿದರೆ ಅದು ಕೆಳಗೆ ಜಾರುತ್ತದೆ, ಇಲ್ಲವೇ ಒಳಗೆ ಹಸಿಯಾಗೇ ಉಳಿಯುತ್ತದೆ.

ಕೊನೆಗೆ ಫೈಬರ್‌ಗ್ಲಾಸ್ ವಾಪಸ್ ಹಾಸಿ ಅದರ ಮೇಲೆ 12 ಇಂಚು ಸೆಲ್ಯುಲೋಸ್ (ಕಾಗದದ ನಾರಿನ ಇನ್ಸುಲೇಷನ್) ಊದಿ. ಆರ್ ಎಂದರೆ ಬಿಸಿ ದಾಟದಂತೆ ತಡೆಯುವ ಅಳತೆ, ಹೆಚ್ಚಿದ್ದಷ್ಟೂ ತಡೆ ಹೆಚ್ಚು. ಇಂಚಿಗೆ ಆರ್-3.5ರಂತೆ 42, ಹಳೆಯದರಿಂದ 18ರ ಆಸುಪಾಸು, ಒಟ್ಟು ಆರ್-60ರ ಹತ್ತಿರ. ಸೆಲ್ಯುಲೋಸ್ ಕಾಲಕ್ರಮದಲ್ಲಿ ಕುಸಿಯುವುದರಿಂದ ಚೀಲದ ಮೇಲಿನ ಪಟ್ಟಿಯಲ್ಲಿ 'ಕುಸಿದ ಮೇಲಿನ ದಪ್ಪ' ನೋಡಿ ಚೀಲಗಳನ್ನು ಎಣಿಸಿ. 12 ಇಂಚು ಚದರ ಅಡಿಗೆ ಒಂದೂವರೆ ಪೌಂಡಿನಷ್ಟು ತೂಗುತ್ತದೆ. ತೊಲೆಗಳ ಅಂತರ 16 ಇಂಚಾದರೆ ಚಿಂತೆಯಿಲ್ಲ. 24 ಇಂಚಿದ್ದು ಕೆಳಗೆ ಅರ್ಧ ಇಂಚಿನ ಸಾದಾ ಜಿಪ್ಸಂ ಇದ್ದರೆ ಅದು ಎಷ್ಟು ಭಾರ ತಾಳುತ್ತದೆಂದು ಮೊದಲೇ ನೋಡಿಕೊಳ್ಳಿ, ಇಲ್ಲವಾದರೆ ಚಾವಣಿ ಜೋತುಬೀಳಬಹುದು.

ಉತ್ತರ 2

ಮೇಲಿನದನ್ನು ಒಪ್ಪುತ್ತೇನೆ. ಆದರೂ ಮೊದಲೆರಡು ಆಯ್ಕೆಗಳನ್ನು ಲೆಕ್ಕ ಹಾಕಿಯೇ ಬಿಡುವುದು ಒಳ್ಳೆಯದು, ಇಲ್ಲಿ ಬಹಳ ಜನ ಎಡವುತ್ತಾರೆ.

ಮನೆಯೊಳಗೆ 20 ಡಿಗ್ರಿ, ಆರ್ದ್ರತೆ ಶೇ. 40 ಇದ್ದರೆ ಇಬ್ಬನಿ ಬಿಂದು (ಗಾಳಿಯ ಆವಿ ನೀರಾಗತೊಡಗುವ ಉಷ್ಣತೆ) ಸುಮಾರು 6 ಡಿಗ್ರಿ. ಗಾಳಿ ಮುಟ್ಟಬಲ್ಲ ಯಾವ ಮೇಲ್ಮೈಯೂ ವಾರಗಟ್ಟಲೆ ಅದಕ್ಕಿಂತ ತಣ್ಣಗಿರಬಾರದು. ಎರಡನೆಯ ಆಯ್ಕೆಯಲ್ಲಿ ಆ ಮೇಲ್ಮೈ ಎಂದರೆ ಕ್ಲೋಸ್ಡ್ ಸೆಲ್ಲಿನ ಒಳಮೈ. ಅದರ ಉಷ್ಣತೆ ಹೀಗೆ ಸಿಗುತ್ತದೆ: ಒಳಹೊರಗಿನ ವ್ಯತ್ಯಾಸವನ್ನು ಫೈಬರ್‌ಗ್ಲಾಸಿನ ಆರ್‌ನಿಂದ ಗುಣಿಸಿ, ಒಟ್ಟು ಆರ್‌ನಿಂದ ಭಾಗಿಸಿ, ಬಂದದ್ದನ್ನು 20ರಿಂದ ಕಳೆಯಿರಿ.

3 ಇಂಚು ಕ್ಲೋಸ್ಡ್ ಸೆಲ್ ಎಂದರೆ ಸುಮಾರು ಆರ್-20. 2×8 ಜಂತೆಯಲ್ಲಿ ಉಳಿದ ನಾಲ್ಕೂಕಾಲು ಇಂಚಿನಲ್ಲಿ ಆರ್-15 ಹಿಡಿಸುತ್ತದೆ. ಹೊರಗೆ ಸರಾಸರಿ ಮೈನಸ್ 5 ಇದ್ದಾಗ ಒಳಮೈ 9 ಡಿಗ್ರಿಯ ಮೇಲಿರುತ್ತದೆ. ಒಣಗಿರುತ್ತದೆ, ಆದರೆ ಒಟ್ಟು ಆರ್-35 ಅಷ್ಟೇ. 'ಕಮ್ಮಿಯಾಯಿತು' ಎಂದು ಕೆಳಗೆ ಆರ್-40ರ ಫೈಬರ್‌ಗ್ಲಾಸ್ ನೇತುಹಾಕಿದಿರೋ, ಅದೇ ಒಳಮೈ 3 ಡಿಗ್ರಿಗೆ ಇಳಿಯುತ್ತದೆ. ಒಳಗಿನ ಹೊದಿಕೆ ದಪ್ಪವಾದಷ್ಟೂ ಫೋಮ್ ತಣ್ಣಗಾಗುತ್ತದೆ, ಚಳಿಗಾಲವಿಡೀ ಅಲ್ಲಿ ನೀರು ಕಟ್ಟುತ್ತದೆ. ಹೆಚ್ಚು ಹಾಕಿ ಕೆಡಿಸಿಕೊಳ್ಳುವ ಅಪರೂಪದ ಜಾಗ ಇದು.

ಇದಕ್ಕೇ ಅಮೆರಿಕದ ಐಆರ್‌ಸಿ ವಸತಿ ಸಂಹಿತೆ ವೆಂಟ್ ಇಲ್ಲದ ಅಟ್ಟಕ್ಕೆ ಗಾಳಿ ನುಸುಳದ ಪದರದ (ಇಲ್ಲಿ ಫೋಮಿನ) ಕನಿಷ್ಠ ಮಿತಿ ಹಾಕಿದೆ. ವಲಯದ ಸಂಖ್ಯೆ ಹೆಚ್ಚಿದಷ್ಟೂ ಚಳಿ ಹೆಚ್ಚು: ಹವಾಮಾನ ವಲಯ 5ರಲ್ಲಿ ಆರ್-20, 6ರಲ್ಲಿ 25, 7ರಲ್ಲಿ 30, 8ರಲ್ಲಿ 35. ಒಟ್ಟು ದಪ್ಪ ಹೆಚ್ಚಿಸಿದರೆ ಈ ಪಾಲನ್ನೂ ಅದೇ ಅನುಪಾತದಲ್ಲಿ ಹೆಚ್ಚಿಸುವುದು ಜಾಣತನ.

ಇನ್ನು 10 ಇಂಚು ಓಪನ್ ಸೆಲ್. ಆರ್-37ರಷ್ಟು ಬರುತ್ತದೆ, ಗಾಳಿಯನ್ನೂ ತಡೆಯುತ್ತದೆ. ತಡೆಯದಿರುವುದು ಆವಿಯನ್ನು. ಬೆಚ್ಚಗಿನ ತೇವ ಮೇಲೇರಿ ನೆತ್ತಿಯ ಹತ್ತಿರ ಸೇರುತ್ತದೆ, ಫೋಮಿನ ಮೂಲಕ ನಿಧಾನವಾಗಿ ದಾಟಿ ಹಲಗೆಯನ್ನು ನೆನೆಸುತ್ತದೆ. ಮೊದಲು ಕೊಳೆಯುವುದು ಬಿಸಿಲು ಬೀಳದ ಇಳಿಜಾರಿನ ಮೇಲ್ಭಾಗ. ಚಳಿ ವಲಯಗಳಲ್ಲಿ ಓಪನ್ ಸೆಲ್ ಮೇಲೆ ಆವಿತಡೆ ಬಣ್ಣ ಬಳಿಯಲೇಬೇಕು. ಕೊಟೇಷನ್ನಿನಲ್ಲಿ ಆ ಸಾಲು ಇಲ್ಲದಿದ್ದರೆ ಕೊಟ್ಟವರಿಗೆ ಚಳಿಯ ಕೆಲಸ ಗೊತ್ತಿಲ್ಲ ಎಂದೇ ಅರ್ಥ.

ಜಂತೆಯನ್ನೂ ಮರೆಯಬೇಡಿ. ಮರಕ್ಕೆ ಇಂಚಿಗೆ ಆರ್-1.25ರಷ್ಟೇ. ಜಂತೆಗಳ ನಡುವೆ ಎಷ್ಟೇ ತುಂಬಿದರೂ ಜಂತೆಯ ಜಾಗದಲ್ಲಿ ಆರ್-9 ಮಾತ್ರ. ಹಿಮ ಬಿದ್ದ ಮಾಡಿನ ಮೇಲೆ ಪಟ್ಟೆ ಪಟ್ಟೆಯಾಗಿ ಕರಗಿದ ಗೆರೆಗಳು ಕಾಣುವುದು ಇದರಿಂದ.

ಉತ್ತರ 3

ಕಿಟ್ ಬಗ್ಗೆ. ಇಡೀ ಮಾಡಿಗೆ ಕಿಟ್ ಬೇಡವೇ ಬೇಡ, ನೆಲದ ಸಂದು ಮತ್ತು ಸೂರಿನ ಮೂಲೆಗೆ ಒಂದು ಸಾಕು. ಗೋಡೆಗಳ ತಲೆಪಟ್ಟಿ ಹೊರಸುತ್ತು 120 ಅಡಿ, ಒಳಗೋಡೆ ಅಂದಾಜು 100 ಅಡಿ ಎನ್ನಿ. ಅರ್ಧ ಅಡಿ ಅಗಲ, ಒಂದು ಇಂಚು ದಪ್ಪ ಹೊಡೆದರೆ 110 ಬೋರ್ಡ್ ಫುಟ್. ಎರಡು ಸೂರುಗಳ 60 ಅಡಿಗೆ ಒಂದು ಅಡಿ ಅಗಲ, 5 ಇಂಚು ದಪ್ಪಕ್ಕೆ 300. ಒಟ್ಟು 410. ಡಬ್ಬಿಯ ಮೇಲಿನ 600 ಎಲ್ಲವೂ ಸರಿಯಿದ್ದಾಗಿನ ಲೆಕ್ಕ, ಕೈಗೆ ಅಷ್ಟು ಸಿಗುವುದಿಲ್ಲ. ಆದರೂ ಸಾಲುತ್ತದೆ.

ಕೆಡುವುದು ಹೆಚ್ಚಾಗಿ ಉಷ್ಣತೆಯಿಂದ. ಎ ಡಬ್ಬಿಯಲ್ಲಿ ಐಸೋಸಯನೇಟ್, ಬಿಯಲ್ಲಿ ಪಾಲಿಯಾಲ್, ವೇಗವರ್ಧಕ, ಫೋಮನ್ನು ಉಬ್ಬಿಸುವ ರಾಸಾಯನಿಕ. ಎರಡೂ ಸಮಪ್ರಮಾಣದಲ್ಲಿ ಬರಬೇಕು. ಡಬ್ಬಿ ತಣ್ಣಗಿದ್ದರೆ ಒಂದು ಕಡೆಯದು ಮಂದವಾಗಿ ಹಿಂದುಳಿಯುತ್ತದೆ. ಎ ಹೆಚ್ಚಾದರೆ ಫೋಮ್ ಕಂದಾಗಿ ಹಪ್ಪಳದಂತೆ ಪುಡಿಯಾಗುತ್ತದೆ. ಬಿ ಹೆಚ್ಚಾದರೆ ಮೆತ್ತಗೆ, ಅಂಟಂಟಾಗಿ ಉಳಿದು ಮೀನಿನ ವಾಸನೆ ಬರುತ್ತದೆ. ಆ ವಾಸನೆ ಬಣ್ಣ ಬಳಿದರೆ ಹೋಗುವುದಿಲ್ಲ, ಕೆರೆದು ತೆಗೆಯುವುದೊಂದೇ ದಾರಿ. ಆದ್ದರಿಂದ ಡಬ್ಬಿಗಳನ್ನು ಒಂದೆರಡು ದಿನ ಬೆಚ್ಚಗಿನ ಕೋಣೆಯಲ್ಲಿಟ್ಟು ಒಳಗಿನ ದ್ರವ 21ರಿಂದ 29 ಡಿಗ್ರಿಯೊಳಗೆ ಬಂದ ಮೇಲೆ ಶುರುಮಾಡಿ. ಹೊರಮೈ ಬೆಚ್ಚಗಾಗಿದೆ ಎಂದು ಮೋಸಹೋಗಬೇಡಿ, ಒಳಗಿನದು ನಿಧಾನ. ಹೊಡೆಯುವ ಮರವೂ ಉತ್ಪನ್ನದ ಹಾಳೆಯಲ್ಲಿರುವ ಕನಿಷ್ಠಕ್ಕಿಂತ ಬೆಚ್ಚಗಿರಲಿ, ಅದರ ತೇವ ಮೀಟರಿನಲ್ಲಿ ಶೇ. 19ಕ್ಕಿಂತ ಕಡಿಮೆಯಿರಲಿ. ಹಿಮದ ಪಸೆಯ ಮೇಲೆ ಹೊಡೆದ ಫೋಮ್ ಮರಕ್ಕೆ ಹಿಡಿಯದೆ ಚಕ್ಕೆಯಾಗಿ ಏಳುತ್ತದೆ. ಶರತ್ಕಾಲವೇ ಒಳ್ಳೆಯ ಸಮಯ.

ನಾಝಲ್ ಹಾಕುವ ಮೊದಲು ಎರಡೂ ಕೊಳವೆಗಳಿಂದ ಹರಿವು ಸಮನಾಗಿದೆಯೇ ಎಂದು ರಟ್ಟಿನ ಮೇಲೆ ಹರಿಸಿ ನೋಡಿ. ಅರ್ಧ ನಿಮಿಷ ನಿಲ್ಲಿಸಿದರೂ ನಾಝಲ್ ಒಳಗೇ ಗಟ್ಟಿಯಾಗುತ್ತದೆ. ಬಲವಂತವಾಗಿ ಒತ್ತಿದರೆ ಒಂದು ಕಡೆಯದು ಇನ್ನೊಂದಕ್ಕೆ ನುಗ್ಗಿ ಗನ್ನೇ ಹಾಳು. ಹತ್ತಿಪ್ಪತ್ತು ನಾಝಲ್ ಹತ್ತಿರವಿಟ್ಟುಕೊಂಡು, ಎಲ್ಲಿಂದ ಎಲ್ಲಿಗೆ ಹೋಗುತ್ತೀರೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಒಂದು ಸಲಕ್ಕೆ 2 ಇಂಚಿಗಿಂತ ಹೆಚ್ಚು ಬೇಡ. ಕ್ಲೋಸ್ಡ್ ಸೆಲ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ದಪ್ಪ ಹೆಚ್ಚಿದರೆ ಆ ಬಿಸಿ ಹೊರಬರಲಾರದೆ ಒಳಗೆ ಕರಟುತ್ತದೆ, ಬೆಂಕಿ ಹತ್ತುವುದೂ ಉಂಟು. ಪದರಗಳ ನಡುವೆ ಕಾಲು ಗಂಟೆ, ಕೈಗೆ ಬಿಸಿ ಹತ್ತುತ್ತಿದ್ದರೆ ಇನ್ನೂ ಹೆಚ್ಚು, ಕಾಯಿರಿ.

ಐಸೋಸಯನೇಟ್ ಒಮ್ಮೆ ಶ್ವಾಸಕೋಶಕ್ಕೆ ಅಲರ್ಜಿ ಹಿಡಿಸಿದರೆ ಆಮೇಲೆ ಅತಿ ಸ್ವಲ್ಪಕ್ಕೂ ಆಸ್ತಮಾ ಬರಬಹುದು. ಮೂಗಿನ ಬಟ್ಟೆ ಸಾಲದು. ಮುಖವಿಡೀ ಮುಚ್ಚುವ ರೆಸ್ಪಿರೇಟರ್, ಅದಕ್ಕೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಮತ್ತು ಪಿ100 ಸೋಸುಕ, ನೈಟ್ರೈಲ್ ಕೈಗವಸು, ಮೈಮುಚ್ಚುವ ಸೂಟ್ ಬೇಕು. ಅಟ್ಟದಿಂದ ಹೊರಕ್ಕೆ ಊದುವ ಫ್ಯಾನ್ ಓಡುತ್ತಿರಲಿ. ಮನೆಯವರೆಲ್ಲ 24 ಗಂಟೆ ಹೊರಗಿರಲಿ, ಸಾಕುಪ್ರಾಣಿಗಳೂ ಸೇರಿ.

ಪ್ರಶ್ನೆ ಕೇಳಿದವರು

ಧನ್ಯವಾದ, ನೆಲವೇ ಆಗಲಿ. ಎರಡು ಅನುಮಾನ. ಸೂರಿನ ಹತ್ತಿರ ಮಾಡು ಇಳಿದು ಗೋಡೆಯ ಮೇಲೆ ಏಳೂಕಾಲು ಇಂಚು ಎತ್ತರವಷ್ಟೇ ಇದೆ. ಅಲ್ಲಿ 18 ಇಂಚು ಹೇಗೆ ಕೂರುತ್ತದೆ? ಮತ್ತೆ, ಸಂದು ಹುಡುಕುವ ಬದಲು ನೆಲಕ್ಕೆಲ್ಲ ಒಂದು ಇಂಚು ಫೋಮ್ ಹೊಡೆದುಬಿಟ್ಟರೆ?

ಉತ್ತರ 1

ಸೂರಿನ ಮೂಲೆಯೇ ಕ್ಲೋಸ್ಡ್ ಸೆಲ್ ತನ್ನ ಬೆಲೆ ತೋರಿಸುವ ಜಾಗ. ಹಲಗೆಯ ಅಡಿಗೆ 2 ಇಂಚು ಗಾಳಿದಾರಿ ಬಿಟ್ಟು ಗಟ್ಟಿ ಬ್ಯಾಫಲ್ (ಗಾಳಿದಾರಿ ಮುಚ್ಚದಂತೆ ಕಾಯುವ ಹಲಗೆ) ಹೊಡೆಯಿರಿ. ತೆಳು ಪ್ಲಾಸ್ಟಿಕ್ಕಿನದು ಬೇಡ, ಉಬ್ಬುವ ಫೋಮ್ ಅದನ್ನು ಮೇಲಕ್ಕೆ ಒತ್ತಿ ದಾರಿಯನ್ನೇ ಮುಚ್ಚಿಬಿಡುತ್ತದೆ. ಬ್ಯಾಫಲ್ಲಿನ ಕೆಳತುದಿ ಗೋಡೆಯ ಹೊರ ಅಂಚು ದಾಟಲಿ, ಮೇಲ್ತುದಿ ಸೆಲ್ಯುಲೋಸಿನ ಮಟ್ಟಕ್ಕಿಂತ ಮೇಲಿರಲಿ. ಹೊರತುದಿಗೆ ಒಂದು ಅಡ್ಡಹಲಗೆ ಕೊಟ್ಟು, ಬ್ಯಾಫಲ್ ಮತ್ತು ತಲೆಪಟ್ಟಿಯ ನಡುವೆ ಉಳಿದ 5 ಇಂಚನ್ನು ಮೂರು ಪದರದಲ್ಲಿ ತುಂಬಿ. ಅಷ್ಟರಲ್ಲೇ ಆರ್-30 ದಾಟುತ್ತದೆ. ಐಸ್ ಡ್ಯಾಮ್ ಹುಟ್ಟುವ ಜಾಗ ನೇರ ಅದರ ಮೇಲೇ ಇದೆ.

ವೆಂಟ್ ಲೆಕ್ಕ: 900 ಚದರ ಅಡಿಗೆ 300ಕ್ಕೊಂದರಂತೆ 3 ಚದರ ಅಡಿ ನಿವ್ವಳ ತೆರವು. ಅರ್ಧ ಸೂರಿನಲ್ಲಿ, ಅರ್ಧ ನೆತ್ತಿಯಲ್ಲಿ. ಜಾಲರಿ ಕಳೆದ ಮೇಲಿನ ತೆರವು ಇದು, ತೂತಿನ ಅಳತೆಯಲ್ಲ.

ಉತ್ತರ 2

ನೆಲಕ್ಕೆಲ್ಲ ಒಂದು ಇಂಚು ಹೊಡೆಯುವುದು ತಪ್ಪಲ್ಲ. ಪೈಪು, ವೈರು, ಪೊಳ್ಳುಗಳು ತುಂಬಾ ಇದ್ದರೆ ಹುಡುಕುವ ಶ್ರಮ ಉಳಿಯುತ್ತದೆ. ಆದರೆ 900 ಬೋರ್ಡ್ ಫುಟ್ ಬೇಕು, ಒಂದು ಕಿಟ್ ಸಾಲದು. ಮುಂದೆ ಒಂದು ವೈರ್ ಎಳೆಯಬೇಕಾದರೂ ಫೋಮ್ ಕತ್ತರಿಸಬೇಕು. ಪಿಂಗಾಣಿ ಗುಬುಟುಗಳ ಮೇಲೆ ಬಿಡಿಬಿಡಿಯಾಗಿ ಓಡುವ ಹಳೆಯ ವೈರಿಂಗ್ ಇದ್ದರೆ ಅದನ್ನು ಫೋಮಿನಲ್ಲೂ ಸೆಲ್ಯುಲೋಸಿನಲ್ಲೂ ಹೂಳಬಾರದು. ಅದರ ಬಿಸಿ ಆರುವುದು ಸುತ್ತಲಿನ ಗಾಳಿಯಿಂದಲೇ. ಮೊದಲು ವೈರಿಂಗ್ ಬದಲಿಸಿ.

ಇಟ್ಟಿಗೆಯ ಚಿಮಣಿಯಿಂದ 2 ಇಂಚು ದೂರದವರೆಗೆ ಫೋಮ್ ಬರಕೂಡದು. ಆ ಸಂದಿಗೆ ತಗಡು ಕತ್ತರಿಸಿ ಮೊಳೆ ಹೊಡೆದು, ಅಂಚಿಗೆ ಬೆಂಕಿ ತಾಳುವ ಸೀಲಂಟ್ ಹಾಕಿ. ಸುತ್ತ ತಗಡಿನ ಬೇಲಿಯಿರಲಿ, ಸೆಲ್ಯುಲೋಸ್ ಚಿಮಣಿಗೆ ತಾಗುವುದಿಲ್ಲ. ಚಾವಣಿಯಲ್ಲಿ ಹೂತ ದೀಪಗಳ ಮೇಲೆ 'ಐಸಿ' (ಇನ್ಸುಲೇಷನ್ ತಾಗಿದರೂ ಅಪಾಯವಿಲ್ಲ ಎಂಬ) ಗುರುತಿಲ್ಲದಿದ್ದರೆ ದೀಪವನ್ನೇ ಬದಲಿಸಿ.

ಇಷ್ಟೆಲ್ಲ ಮುಚ್ಚಿದ ಮೇಲೆ ಮನೆ ಬಿಗಿಯಾಗುತ್ತದೆ. ಮನೆಯ ಗಾಳಿಯನ್ನೇ ಬಳಸುವ ಗ್ಯಾಸ್ ಬಾಯ್ಲರ್ ಅಥವಾ ವಾಟರ್ ಹೀಟರ್ ಇದ್ದರೆ, ಎಲ್ಲ ಎಕ್ಸಾಸ್ಟ್ ಫ್ಯಾನ್ ಒಟ್ಟಿಗೆ ಹಾಕಿ ಅದರ ಹೊಗೆ ಹಿಂದಕ್ಕೆ ಬರುತ್ತಿದೆಯೇ ಎಂದು ತಂತ್ರಜ್ಞರಿಂದ ಪರೀಕ್ಷೆ ಮಾಡಿಸಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು.

ಉತ್ತರ 3

ಒಂದು ಬಿಟ್ಟುಹೋಗಿದೆ: ಅಟ್ಟದ ಬಾಗಿಲು. ಸುತ್ತ ಆರ್-60 ಇದ್ದು ಬಾಗಿಲು ಬರೀ ಪ್ಲೈವುಡ್ಡಾದರೆ ಕೆಲಸ ಅರ್ಧವೇ. ಚೌಕಟ್ಟಿನ ಮೇಲೆ 20 ಇಂಚು ಎತ್ತರದ ಪ್ಲೈವುಡ್ ತಡೆ ಕಟ್ಟಿ, ಸೆಲ್ಯುಲೋಸ್ ಕೆಳಗೆ ಸುರಿಯದಂತೆ. ಬಾಗಿಲ ಬೆನ್ನಿಗೆ ಗಟ್ಟಿ ಫೋಮ್ ಹಲಗೆಗಳನ್ನು ಕನಿಷ್ಠ 8 ಇಂಚು ಅಂಟಿಸಿ, ಅಂಚಿಗೆ ಗ್ಯಾಸ್ಕೆಟ್ ಹಾಕಿ, ಅದು ಅಮುಕಿಕೊಳ್ಳುವಂತೆ ಎರಡು ಚಿಲಕ ಕೊಡಿ. ಬರೀ ತೂಕಕ್ಕೆ ಕೂತ ಬಾಗಿಲಿನ ಗ್ಯಾಸ್ಕೆಟ್ ಯಾವತ್ತೂ ಪೂರ್ತಿ ಅಮುಕಿಕೊಳ್ಳುವುದಿಲ್ಲ.