ಮೂಲೆ ಪಾರ್ಕಿನ ಕಸ: ಭಾನುವಾರ ಬಂದು ಹೋದವರು ಯಾರು, ನೀರು ಹಾಕುವವರು ಯಾರು?

ಮನೆ 112, 3ನೇ ಅಡ್ಡರಸ್ತೆ (ಗುಂಪಿನ ನಿರ್ವಾಹಕಿ)
ಎಲ್ಲರಿಗೂ ನಮಸ್ಕಾರ. ಮೂಲೆ ಪಾರ್ಕಿನಲ್ಲಿ ಸೊಪ್ಪು, ತರಕಾರಿ ಬೆಳೆಯಬಹುದೇ ಎಂದು ನೋಡಲು ಭಾನುವಾರ ಬರುತ್ತೇವೆಂದು ಈ ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆಟ್ಟೊತ್ತಿದವರು ನಲವತ್ತೊಂದು ಜನ. ಬಂದವರು ಏಳು. ಬ್ಯಾಂಕಿನ ಕೆಲಸ ಬಿಟ್ಟರೂ ಲೆಕ್ಕ ಬರೆಯುವ ಚಾಳಿ ಬಿಟ್ಟಿಲ್ಲ, ಕ್ಷಮಿಸಿ.

ಬರದವರಿಗೆ ನಡೆದದ್ದನ್ನು ಹೇಳುತ್ತೇನೆ. ಬಡಾವಣೆಯ ನಕ್ಷೆಯಲ್ಲಿ ಉದ್ಯಾನವೆಂದಿರುವ ಆ ಜಾಗದಲ್ಲಿ ಸದ್ಯಕ್ಕಿರುವುದು ಒಡೆದ ಮನೆಗಳ ಇಟ್ಟಿಗೆಚೂರು, ಎರಡು ಹರಿದ ಹಾಸಿಗೆ, ಎದೆಮಟ್ಟದ ಪಾರ್ಥೇನಿಯಂ, ಒಂದು ಹಂದಿ ಸಂಸಾರ. ಕಳೆದ ಆಯುಧಪೂಜೆಯ ಮರುದಿನ ಅಲ್ಲಿ ಬಿದ್ದ ಬಾಳೆಕಂದು, ಕುಂಕುಮ ಬಳಿದ ಬೂದುಗುಂಬಳಕಾಯಿಗಳ ರಾಶಿ ಸಂಕ್ರಾಂತಿಯವರೆಗೂ ಕೊಳೆಯಿತು. ನಮ್ಮ ಮೈಸೂರಿನಲ್ಲಿ ಈ ಸಲದ ದಸರಾಕ್ಕೆ ಇನ್ನು ಐದು ವಾರ.

ನಗರದಲ್ಲಿ ಕೈತೋಟ ಮಾಡುವವರಿಗೆ ಬೀಜ, ಬುದ್ಧಿ ಎರಡನ್ನೂ ಕೊಡುವ ಸಣ್ಣ ಟ್ರಸ್ಟಿನವರು ಬಂದಿದ್ದರು. ಒಟ್ಟು ಮೂವರು. ಕೃಷಿ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು, ಸಸಿ ಮಾಡಿ ಮಾರುವ ಹೆಂಗಸೊಬ್ಬರು, ಮತ್ತು ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದ ಒಬ್ಬ ಹುಡುಗ. ಅವನ ಅಮ್ಮನಿಗೆ ಈ ವಿಷಯ ಇನ್ನೂ ಪೂರ್ತಿ ಗೊತ್ತಿಲ್ಲವಂತೆ.

ಭಾಷಣವಿರಲಿಲ್ಲ. ಆ ಹೆಂಗಸು ಗುದ್ದಲಿ ತೆಗೆದುಕೊಂಡು ಮೂರು ಕಡೆ ಅಗೆದರು. ಎರಡು ಕಡೆ ಗೇಣುದ್ದ ಹೋಗುವಷ್ಟರಲ್ಲಿ ಠಣ್ ಎಂದಿತು, ಕಾಂಕ್ರೀಟು. ಹೊಂಗೆಮರದ ಬುಡದಿಂದ ಹತ್ತು ಹೆಜ್ಜೆ ಆಚೆ ಮಾತ್ರ ಕೆಮ್ಮಣ್ಣು ಸಿಕ್ಕಿತು. ಒಂದು ಹಿಡಿ ಎತ್ತಿ, ಬಾಟಲಿಯ ನೀರು ಚಿಮುಕಿಸಿ, ಚಪಾತಿ ಹಿಟ್ಟಿನಂತೆ ನಾದಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತುತ್ತಾ ಪಟ್ಟಿಯಂತೆ ಹೊರಗೆ ತಳ್ಳಿದರು. ಎರಡು ಅಂಗುಲ ಉದ್ದ ಬಂದು ತುಂಡಾಯಿತು. ಮೂಸಿ ನೋಡಿ, “ಜೇಡಿ ಜಾಸ್ತಿ, ಗೊಬ್ಬರ ಸೇರಿದರೆ ಸರಿಹೋಗುತ್ತದೆ. ಉಳಿದ ಕಡೆ ಅಗೆಯುವ ಗೋಜಿಗೆ ಹೋಗಬೇಡಿ, ಕಲ್ಲಿನ ಮೇಲೆಯೇ ಮಣ್ಣು ಹಾಕಿ ಮಡಿ ಏರಿಸಿ” ಎಂದರು. ಪರೀಕ್ಷೆ ಅಲ್ಲಿಗೆ ಮುಗಿಯಿತು.

ಅವರು ಕೇಳಿದ್ದು ಹಣವಲ್ಲ. ಗೊಬ್ಬರಕ್ಕಾಗಿ ಮೂವತ್ತು ಮನೆಗಳು ಒಂದು ತಿಂಗಳು ಹಸಿಕಸ ಬೇರ್ಪಡಿಸಿ ಕೊಟ್ಟು ತೋರಿಸಬೇಕು, ವಾರದ ಪ್ರತಿ ದಿನಕ್ಕೆ ಇಬ್ಬರಂತೆ ನೀರು ಹಾಕುವ ಹದಿನಾಲ್ಕು ಹೆಸರು ಬೇಕು, ಅನುಮತಿ ಲಿಖಿತವಾಗಿ ಇರಬೇಕು. “ತೋಟ ಮಾಡಿಕೊಡುವವರು ನಾವಲ್ಲ” ಎಂಬುದನ್ನು ಮೂವರೂ ಒಬ್ಬರಾದ ಮೇಲೆ ಒಬ್ಬರು ಹೇಳಿದರು.

ಮನೆ 87, ಪಾರ್ಕಿನ ಎದುರು
ಮೇಡಂ, ಆ ಜಾಗ ನಿಮಗೆ ನಾಲ್ಕು ರಸ್ತೆ ದೂರ, ನನಗೆ ಗೇಟು ತೆರೆದರೆ ಕಾಣುತ್ತದೆ. ಹಿಂದೊಮ್ಮೆ ಪರಿಸರ ದಿನಕ್ಕೆ ಮೂವತ್ತು ಸಸಿ ನೆಟ್ಟರು. ಫೋಟೋ ಆಯಿತು, ಉಪ್ಪಿಟ್ಟು ಆಯಿತು. ಸಸಿಗಳು ಯುಗಾದಿ ಕಾಣಲಿಲ್ಲ, ಬ್ಯಾನರ್ ಮಾತ್ರ ಎರಡು ವರ್ಷ ಬಾಳಿತು. ಈಗ ಗೊಬ್ಬರದ ರಾಶಿ ಬೇರೆ. ಆಷಾಢದ ಗಾಳಿ ಪಡುವಣದಿಂದ ಬೀಸಿದರೆ ವಾಸನೆ ನೇರ ನಮ್ಮ ಅಡುಗೆಮನೆಗೆ. ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಜವಾಬ್ದಾರಿ ಯಾರದು?

ಮಹಡಿಮನೆ ಬಾಡಿಗೆದಾರ, ಮನೆ 95
ಸರ್, ಹಾವು ಈಗಲೂ ಇದೆ. ಜುಲೈಯಲ್ಲಿ ಹಿಡಿಸಿದ್ದು ನೀವೇ.

ವಾಸನೆಯ ಬಗ್ಗೆ ಹೇಳುತ್ತೇನೆ. ಎರಡು ವರ್ಷದಿಂದ ಬಾಲ್ಕನಿಯಲ್ಲಿ ಗೊಬ್ಬರ ಮಾಡುತ್ತಿದ್ದೇನೆ, ಕೆಳಗಿನ ಮಾಲೀಕರಿಗೆ ಇಂದಿನವರೆಗೂ ಗೊತ್ತಾಗಿಲ್ಲ (ಈಗ ಗೊತ್ತಾಯಿತು). ನಾರುವುದು ಹಸಿಕಸ ಒಂದನ್ನೇ ಸುರಿದಾಗ. ಒಂದು ಬಕೆಟ್ ಹಸಿಕಸಕ್ಕೆ ಎರಡು ಬಕೆಟ್ ತರಗೆಲೆ, ಮೇಲೊಂದು ಸೌಟು ಹುಳಿ ಮಜ್ಜಿಗೆ, ವಾರಕ್ಕೊಮ್ಮೆ ತಿರುವಿ ಹಾಕುವುದು. ನೀರು ಹೆಚ್ಚಾದರೆ ಕೊಳೆಯುತ್ತದೆ, ಗಾಳಿಯಾಡಿದರೆ ಮಾಗುತ್ತದೆ. ಹಿಂಡಿದರೆ ಬೆರಳು ಒದ್ದೆಯಾಗಬೇಕು, ತೊಟ್ಟಿಕ್ಕಬಾರದು. ಒಂದೂವರೆ ಎರಡು ತಿಂಗಳಲ್ಲಿ ಕಪ್ಪು ಗೊಬ್ಬರ, ಮೊದಲ ಮಳೆ ಬಿದ್ದ ನೆಲದ ವಾಸನೆ. ನಮಗೆ ಕೊರತೆಯಾಗುವುದು ತರಗೆಲೆ. ಅದನ್ನೇ ನಾವು ದಿನಾ ಬೆಳಿಗ್ಗೆ ಗುಡ್ಡೆ ಹಾಕಿ ಬೆಂಕಿ ಇಡುತ್ತಿದ್ದೇವೆ. ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಯಲಲ್ಲಿ ಕಸ ಸುಡುವುದೇ ತಪ್ಪು.

ವಕೀಲರು, ಮನೆ 64
ಕಾನೂನಿನ ಒಂದು ಮಾತು. ಉದ್ಯಾನಕ್ಕೆಂದು ಬಿಟ್ಟ ಜಾಗಕ್ಕೆ ಕರ್ನಾಟಕದಲ್ಲಿ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯಿದೆ. ಅದನ್ನು ಬೇರೆ ಉದ್ದೇಶಕ್ಕೆ ತಿರುಗಿಸುವಂತಿಲ್ಲ. ಆದ್ದರಿಂದ ಬೇಲಿ ಬೇಡ, ಬೀಗ ಬೇಡ, ಶೆಡ್ಡಂತೂ ಬೇಡವೇ ಬೇಡ. ಅರ್ಜಿಯಲ್ಲಿ ‘ಉದ್ಯಾನದ ನಿರ್ವಹಣೆ, ಗಿಡ ಬೆಳೆಸುವುದು’ ಎಂದು ಬರೆಯೋಣ, ಯಾರಿಗೂ ಹಕ್ಕು ಹುಟ್ಟುವುದಿಲ್ಲವೆಂದೂ ಸೇರಿಸೋಣ. ಕರಡು ನಾನು ಬರೆಯುತ್ತೇನೆ. ಸಹಿಗೆ ಮನೆಮನೆ ತಿರುಗುವುದು ಬೇರೆಯವರ ಪಾಲು, ನನ್ನ ಮೊಣಕಾಲು ಒಪ್ಪುವುದಿಲ್ಲ.

ಮನೆ 31 (ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಬರೆದಿದ್ದು)
ಅಜ್ಜಿ ಭಾನುವಾರ ಬಂದಿದ್ದರು, ಏಳು ಜನರಲ್ಲಿ ಒಬ್ಬರು. ಅವರು ಹೇಳಿದಂತೆಯೇ ಬರೆಯುತ್ತಿದ್ದೇನೆ.

“ಮೊದಲ ಸಲಕ್ಕೇ ಎಲೆಕೋಸು, ಹೂಕೋಸು ಎಂದು ಹೊರಡಬೇಡಿ, ಹುಳ ತಿಂದು ಹೋಗುತ್ತದೆ, ನಿಮಗೂ ಬೇಸರ ಬರುತ್ತದೆ. ದಂಟು ಚೆಲ್ಲಿ, ಮೆಂತ್ಯ ಚೆಲ್ಲಿ. ತಿಂಗಳೊಪ್ಪತ್ತಿನಲ್ಲಿ ಬಸ್ಸಾರಿಗೆ ಬರುತ್ತದೆ. ಬಸಳೆ ಬಳ್ಳಿಯನ್ನು ಒಂದು ಕಡ್ಡಿ ಚುಚ್ಚಿದರೂ ಸಾಕು. ಆಮೇಲೆ ಬದನೆ. ಈರನಗೆರೆ ಬದನೆಕಾಯಿ ಇದೇ ಊರಿನದು, ಈಗ ಈರನಗೆರೆಯಲ್ಲಿ ಮನೆಗಳೇ ಬೆಳೆದಿವೆ. ಬೀಜ ಸಿಕ್ಕರೆ ನನಗೂ ನಾಲ್ಕು ಕಾಳು ಕೊಡಿ. ಪಾರ್ಥೇನಿಯಂ ಹೂ ಬಿಡುವ ಮುಂಚೆ ಕಿತ್ತು ಹಾಕಿ, ಬರಿಗೈಯಲ್ಲಿ ಕೀಳಬೇಡಿ, ಮೈಯೆಲ್ಲ ನವೆ. ಹೂ ಬಿಟ್ಟದ್ದನ್ನು ಗೊಬ್ಬರಕ್ಕೆ ಹಾಕಿದರೆ ಮುಂದಿನ ವರ್ಷ ಮಡಿಯಲ್ಲಿ ಅದೇ ಬೆಳೆ.”

ಇನ್ನೊಂದು. ಟ್ರಸ್ಟಿನವರು ಕೊಟ್ಟ ಬೀಜದ ಲಕೋಟೆಯನ್ನು ಅಜ್ಜಿ ತೋರಿಸಿದರು. ಹಳೆಯ ಮದುವೆ ಪತ್ರಿಕೆಯನ್ನು ಮಡಿಸಿ ಮಾಡಿದ್ದು. ಮುಹೂರ್ತದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ‘ಕೆಂಪು ದಂಟು, ಮಾರ್ಚ್ ಕೊಯ್ಲು’ ಎಂದಿದೆ. ವಧೂವರರ ಹೆಸರು ಅರ್ಧ ಕತ್ತರಿಸಿ ಹೋಗಿದೆ, ಪಾಪ.

ಮೇಷ್ಟ್ರು, 2ನೇ ಅಡ್ಡರಸ್ತೆ
87ನೇ ಮನೆಯವರ ಸಿಟ್ಟಿನಲ್ಲಿ ನ್ಯಾಯವಿದೆ. ನನ್ನ ಅನುಮಾನ ಮಾತ್ರ ಬೇರೆ. ವಾಸನೆಗೆ ತರಗೆಲೆ ಇದೆ, ಹಾವಿಗೆ ಹಿಡಿಯುವವರಿದ್ದಾರೆ. ಆ ಮೂವರು ನಾಳೆ ಬರದಿದ್ದರೆ?

ಅಮೆರಿಕದ ಮಿಲ್ವಾಕೀ ಎಂಬ ಊರಿನಲ್ಲಿ ವಿಲ್ ಅಲೆನ್ ಎಂಬವರಿದ್ದರು, ಮೊದಲು ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರ. 1993ರಲ್ಲಿ ಆ ನಗರದೊಳಗೆ ಉಳಿದಿದ್ದ ಕೊನೆಯ ತುಂಡು ತೋಟ, ಹಳೆಯ ಗಾಜಿನ ಮನೆಗಳ ಸಮೇತ, ಕೊಂಡರು. ಅಂಗಡಿಗಳು ಎಸೆಯುತ್ತಿದ್ದ ತರಕಾರಿ ತಂದು ಎರೆಹುಳುವಿಗೆ ಹಾಕಿ ಮಣ್ಣು ಮಾಡಿದರು, ಅಕ್ಕಪಕ್ಕದ ಬಡ ಮಕ್ಕಳಿಗೆ ಬೆಳೆಯಲು ಕಲಿಸಿದರು. ಸಂಸ್ಥೆಯ ಹೆಸರು ಗ್ರೋಯಿಂಗ್ ಪವರ್. 2008ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಎಂಬ ದೊಡ್ಡ ಗೌರವ ಬಂತು, ಜಗತ್ತೇ ನೋಡಲು ಬಂತು. 2017ರಲ್ಲಿ ಸಾಲ ಹೆಗಲೇರಿ ಸಂಸ್ಥೆ ಮುಚ್ಚಿತು. ಅಷ್ಟು ದೊಡ್ಡ ಮನುಷ್ಯ, ಅಷ್ಟು ಒಳ್ಳೆಯ ಮಣ್ಣು, ಆದರೂ.

ಇತ್ತ ಬೆಂಗಳೂರಿನಲ್ಲಿ ಕೀಟಶಾಸ್ತ್ರ ಕಲಿಸುತ್ತಿದ್ದ ಡಾ. ಬಿ.ಎನ್. ವಿಶ್ವನಾಥ್ ತಾರಸಿ ತೋಟದ ಪಾಠ ಹೇಳುತ್ತಾ ಬಂದರು. ಅವರೊಂದಿಗೆ ಸೇರಿದವರ ಗಾರ್ಡನ್ ಸಿಟಿ ಫಾರ್ಮರ್ಸ್ ಟ್ರಸ್ಟು 2011ರಿಂದ ‘ಊಟ ಫ್ರಮ್ ಯುವರ್ ತೋಟ’ ಎಂಬ ಸಂತೆ ನಡೆಸಿತು. ಅಲ್ಲಿ ತೋಟಗಳು ಸಂಸ್ಥೆಯವಲ್ಲ, ಅವರವರ ಮಹಡಿಯ ಮೇಲಿನವು. ಕಲಿಸಿದವರು ಎದ್ದು ಹೋದರೂ ಕುಂಡ ಅಲ್ಲೇ ಇರುತ್ತದೆ.

ಹಾಗಾಗಿ “ನಾವು ಮಾಡಿಕೊಡುವವರಲ್ಲ” ಎಂದು ಆ ಮೂವರು ಹೇಳಿದ್ದು ನನಗೆ ಒರಟಾಗಿ ಕೇಳಲಿಲ್ಲ. ಮಾಡಿಕೊಡುತ್ತೇವೆ ಎಂದಿದ್ದರೆ ನಾನು ಆವತ್ತೇ ಎದ್ದು ಬರುತ್ತಿದ್ದೆ. ಬೀಜಕ್ಕೂ ಅವರೊಬ್ಬರನ್ನೇ ನೆಚ್ಚುವುದು ಬೇಡ. ನಂಜರಾಜ ಬಹದ್ದೂರ್ ಛತ್ರದಲ್ಲಿ ದೇಸಿ ಬೀಜ ಉಳಿಸುವ ಸಹಜ ಸಮೃದ್ಧ ಸಂಸ್ಥೆಯವರು ಬೀಜದ ಮೇಳ ಮಾಡಿದಾಗ ನಾವೇ ಹೋಗಿ ತರೋಣ, ತೋಟಗಾರಿಕೆ ಇಲಾಖೆಯಲ್ಲೂ ವಿಚಾರಿಸೋಣ.

ಮನೆ 112
ಮೇಷ್ಟ್ರೇ, ಅದೇ ಪ್ರಶ್ನೆಯನ್ನು ನಾನೂ ಆ ಹಿರಿಯರಿಗೆ ಕೇಳಿದೆ. ಅವರು ಉತ್ತರಿಸಲಿಲ್ಲ, ತಿರುಗಿ ಕೇಳಿದರು: “ದಸರಾ ರಜೆಯಲ್ಲಿ ಈ ಬೀದಿಯಲ್ಲಿ ಯಾರು ಇರುತ್ತೀರಿ?” ಏಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೇರೆ ಊರಿನವರು ರಜೆಗೆ ಹೋಗುತ್ತಾರೆ, ನಮ್ಮ ಮನೆಗಳಿಗೆ ನೆಂಟರು ಬರುತ್ತಾರೆ. ಇರುವವರಿಗೂ ಪುರುಸೊತ್ತು ಇರುವುದಿಲ್ಲ, ಹಸಿಕಸವೂ ಆ ಹತ್ತು ದಿನ ಎರಡರಷ್ಟು.

ಮೂವತ್ತು ಮನೆಯ ಲೆಕ್ಕ ಇಲ್ಲಿ ಕೇಳಿದರೆ ಮತ್ತೆ ನಲವತ್ತೊಂದು ಹೆಬ್ಬೆಟ್ಟು ಬೀಳುತ್ತದೆಂದು ಇವತ್ತು ಬೆಳಿಗ್ಗೆ ಕಸದ ಗಾಡಿಯ ಪೌರಕಾರ್ಮಿಕರನ್ನೇ ನಿಲ್ಲಿಸಿ ಕೇಳಿದೆ. ನಿಜವಾಗಿ ಬೇರ್ಪಡಿಸಿ ಕೊಡುವ ಮನೆಗಳನ್ನು ಆಯಮ್ಮ ಬೆರಳು ಮಡಚಿ ಎಣಿಸಿದರು. ಹತ್ತೊಂಬತ್ತು. ನನ್ನ ಮನೆಯನ್ನು ಎಣಿಸುವ ಮುಂಚೆ ಸ್ವಲ್ಪ ಯೋಚಿಸಿದರು, ನನಗೆ ಮುಖ ಕೆಂಪಾಯಿತು. ಸೊಪ್ಪು ಬಂದರೆ ಮೊದಲ ಕಟ್ಟು ಅವರಿಗೇ ಎಂದು ಹೇಳಿದ್ದೇನೆ. “ಬರಲಿ ನೋಡೋಣ” ಎಂದರು.

ಮನೆ 140
ನೀರು ಎಲ್ಲಿಂದ? ಕುಡಿಯುವ ನೀರನ್ನು ಗಿಡಕ್ಕೆ ಹಾಕುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಮಹಡಿಮನೆ ಬಾಡಿಗೆದಾರ, ಮನೆ 95
ಐದೇ ಮಡಿ. ಅಕ್ಕಿ, ತರಕಾರಿ ತೊಳೆದ ನೀರು ಹತ್ತು ಮನೆಯದು ಸೇರಿದರೆ ಮಳೆ ಬಿಡುವು ಕೊಟ್ಟ ದಿನಕ್ಕೆ ಸಾಲುತ್ತದೆ. ಸೋಪಿನ ನೀರು ಬೇಡ. ಬೇಸಿಗೆಯಲ್ಲಿ ಏನು ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ, ಆಗ ಮಡಿಗಳನ್ನು ಎರಡಕ್ಕೆ ಇಳಿಸಬೇಕಾಗಬಹುದು.

ಮನೆ 87, ಪಾರ್ಕಿನ ಎದುರು
ನನ್ನ ಷರತ್ತು ಬರೆದುಕೊಳ್ಳಿ. ಗೊಬ್ಬರದ ಗುಂಡಿ ನನ್ನ ಗೇಟಿನ ಎದುರಲ್ಲ, ಹೊಂಗೆಮರದ ಆಚೆ. ಮೂರು ತಿಂಗಳು ನೋಡುತ್ತೇನೆ. ವಾಸನೆ ಬಂದರೆ ಮುಚ್ಚಬೇಕು, ಆಗ ಸಭೆ, ಚರ್ಚೆ ಏನೂ ಇಲ್ಲ.

ಮನೆ 112
ಒಪ್ಪಿದೆ ಸರ್. ಅರ್ಜಿಯ ಜೊತೆಗಿನ ಒಪ್ಪಂದದಲ್ಲಿ ಇದನ್ನೂ ಸೇರಿಸುತ್ತೇವೆ. ಹಾಗಾದರೆ ನಿಮ್ಮ ಬೆಂಬಲ ಇದೆ ಎಂದುಕೊಳ್ಳಲೇ?

ಮನೆ 87, ಪಾರ್ಕಿನ ಎದುರು
ವಿರೋಧವಿಲ್ಲ ಎಂದು ಬರೆಯಿರಿ. ಹೆಬ್ಬೆಟ್ಟು ಒತ್ತುವುದಿಲ್ಲ.

ಮನೆ 112
ಸರಿ. ನೀರಿನ ಪಟ್ಟಿಯಲ್ಲಿ ಈವರೆಗೆ ಹನ್ನೊಂದು ಹೆಸರು. ಬುಧವಾರಕ್ಕೆ ಇಬ್ಬರು, ಶನಿವಾರಕ್ಕೆ ಒಬ್ಬರು ಬೇಕು. ದಯವಿಟ್ಟು ಹೆಬ್ಬೆಟ್ಟಲ್ಲ, ಹೆಸರು ಮತ್ತು ಹೊತ್ತು ಬರೆಯಿರಿ. ಈ ಭಾನುವಾರ ಏಳು ಗಂಟೆಗೆ ಪಾರ್ಥೇನಿಯಂ ಕೀಳುವ ಕೆಲಸ, ಕೈಗವಸು ತನ್ನಿ. ಮುಖ್ಯವಾದ ವಿಷಯ: ಟ್ರಸ್ಟಿನವರ ಗುದ್ದಲಿ ಮರದ ಕೆಳಗೇ ಮರೆತುಹೋಗಿದೆ. ನಿನ್ನೆ ಸಂಜೆ ಹೋಗಿ ನೋಡಿದರೆ ಇಲ್ಲ. ಯಾರಾದರೂ ಕಂಡಿರಾ?

ಮನೆ 87, ಪಾರ್ಕಿನ ಎದುರು
ನಮ್ಮ ಗೇಟಿನ ಒಳಗಿದೆ. ಮಳೆ ಬಂತೆಂದು ಎತ್ತಿಟ್ಟಿದ್ದೇನೆ. ಹಿಡಿ ಸಡಿಲವಾಗಿತ್ತು, ಆಪು ಹೊಡೆದಿದ್ದೇನೆ.