ಸಹಾಯ ಬೇಕು: 1953ರ ಷೆವರ್ಲೆ ಪಿಕಪ್‌ನ ಹಬ್‌ಕ್ಯಾಪ್ ತೆಗೆಯುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಷಿಗನ್‌ನಲ್ಲಿರುವ ನನ್ನ 1953ರ ಷೆವರ್ಲೆ 3100 ಪಿಕಪ್‌ನ ಚಕ್ರಗಳಿಗೆ ಬಣ್ಣ ಹೊಡೆಸಬೇಕಾಗಿದ್ದು, ಅದಕ್ಕೂ ಮೊದಲು ಚಕ್ರದ ನಡುಭಾಗವನ್ನು ಮುಚ್ಚುವ ಕ್ರೋಮ್ ಹಬ್‌ಕ್ಯಾಪ್‌ಗಳನ್ನೂ ರಿಮ್‌ನ ಅಂಚಿಗೆ ಕೂರಿಸಿರುವ ತೆಳುವಾದ ಟ್ರಿಮ್ ರಿಂಗ್‌ಗಳನ್ನೂ ನೆಗ್ಗದಂತೆ, ಗೀರು ಬೀಳದಂತೆ ತೆಗೆಯಬೇಕಿದೆ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಸುರಿಯುವ ಉಪ್ಪಿನಿಂದಾಗಿ ಅವುಗಳನ್ನು ಹಿಡಿದಿಡುವ ಒಳಗಿನ ಸ್ಪ್ರಿಂಗ್ ಕ್ಲಿಪ್‌ಗಳು ತುಕ್ಕು ಹಿಡಿದು ಬಿಗಿದುಕೊಂಡಿವೆ. ಸ್ಕ್ರೂಡ್ರೈವರ್ ಹಾಕಿ ಒಂದೇ ಕಡೆ ಮೀಟಿದರೆ ಅಂಚು ಸೊಟ್ಟಗಾಗುವುದು ಖಚಿತವಾದ್ದರಿಂದ, ತುಕ್ಕು ಸಡಿಲಿಸುವ ಎಣ್ಣೆಯನ್ನು ಸಿಂಪಡಿಸಿ ರಾತ್ರಿಯಿಡೀ ಬಿಟ್ಟು, ಬಟ್ಟೆ ಸುತ್ತಿದ ಅಗಲ ಮೊನೆಯ ಸಲಕರಣೆಯಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಎಬ್ಬಿಸುವ ಯೋಚನೆಯಿದೆ. ಹಬ್‌ಕ್ಯಾಪ್‌ಗಳು ಹೀಗೆ ಬಂದಾವು. ರಿಂಗ್‌ಗಳ ವಿಷಯದಲ್ಲಿ ಮಾತ್ರ ನನಗೆ ಧೈರ್ಯ ಸಾಲದು. ಗಾಳಿ ತುಂಬುವ ವಾಲ್ವ್ ಇರುವ ಕಡೆಯಿಂದ ಮೀಟಲು ಆರಂಭಿಸಬೇಕೇ ಅಥವಾ ಅದರ ಎದುರು ಬದಿಯಿಂದಲೇ? ಪ್ಲಾಸ್ಟಿಕ್ ಬೆಣೆಯ ಬಲ ಸಾಕಾದೀತೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.