ಸಣ್ಣ ನಗರದ ಒಳಚರಂಡಿ ನಿರ್ವಹಣೆ: ಮೊದಲು ಏನು ಮಾಡಬೇಕು, ಹಣ ಹೇಗೆ ಹೊಂದಿಸಬೇಕು?

ಪ್ರಶ್ನೆ

ಬಹುಪಾಲು ಕೊಳವೆಗಳು ನಲವತ್ತು ವರ್ಷ ದಾಟಿರುವ ಸಣ್ಣ ನಗರವೊಂದರ ಒಳಚರಂಡಿ ಜಾಲಕ್ಕೆ ಹತ್ತು ವರ್ಷಗಳ ನಿರ್ವಹಣಾ ಯೋಜನೆ ಸಿದ್ಧಪಡಿಸುವ ಸಮಿತಿಯಲ್ಲಿ ನಾನಿದ್ದೇನೆ. ಎಲ್ಲಿ ಕಟ್ಟಿಕೊಂಡಿತೋ ಅಲ್ಲಿಗೆ ಯಂತ್ರ ಕಳುಹಿಸುವುದು, ಎಲ್ಲಿ ರಸ್ತೆ ಕುಸಿಯಿತೋ ಅಲ್ಲಿ ಅಗೆದು ಕೊಳವೆ ಬದಲಿಸುವುದು, ಈವರೆಗೆ ನಡೆದಿರುವುದು ಇಷ್ಟೇ. ನಕ್ಷೆ ಅಪೂರ್ಣವಾಗಿದೆ. ಬಳಕೆದಾರರ ಶುಲ್ಕವೆಲ್ಲ ಪಂಪುಗಳ ವಿದ್ಯುತ್ತಿಗೂ ಸಿಬ್ಬಂದಿಯ ವೇತನಕ್ಕೂ ಖರ್ಚಾಗಿಬಿಡುತ್ತದೆ. ಸಾಲ ಪಡೆದು ಹಳೆಯ ಕೊಳವೆಗಳನ್ನೆಲ್ಲ ಒಮ್ಮೆಲೇ ಬದಲಿಸೋಣ ಎಂದು ಕೆಲವು ಸದಸ್ಯರು ಹೇಳುತ್ತಾರೆ. ಶುಲ್ಕ ಏರಿಸಿ ಪ್ರತಿ ವರ್ಷ ಸ್ವಲ್ಪ ಸ್ವಲ್ಪವಾಗಿ ಮಾಡೋಣ ಎಂಬುದು ಉಳಿದವರ ಅಭಿಪ್ರಾಯ. ಈ ಕೆಲಸ ಬಲ್ಲವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1 (ಒಳಚರಂಡಿ ಎಂಜಿನಿಯರ್)

ಕೊಳವೆಗಳ ಸ್ಥಿತಿ ತಿಳಿಯುವ ಮೊದಲು ಇವೆರಡರಲ್ಲಿ ಯಾವುದನ್ನೂ ನಿರ್ಧರಿಸಬೇಡಿ. ವಯಸ್ಸೊಂದನ್ನೇ ನೋಡಿ ಬದಲಿಸಲು ಹೊರಟರೆ ಇನ್ನೂ ಹಲವು ದಶಕ ಬಾಳಬಲ್ಲ ಕೊಳವೆಯನ್ನು ಕಿತ್ತು, ಕುಸಿಯಲಿರುವುದನ್ನು ಹಾಗೆಯೇ ಬಿಟ್ಟಿರುತ್ತೀರಿ. ಸುಟ್ಟ ಜೇಡಿಮಣ್ಣಿನ ಕೊಳವೆಯ ಗೋಡೆ ಆಮ್ಲಕ್ಕೆ ಜಗ್ಗುವುದಿಲ್ಲ. ಅದು ಸೋಲುವುದು ಹೆಚ್ಚಾಗಿ ಜೋಡಣೆಗಳಲ್ಲಿ, ಬೇರು ನುಗ್ಗಿದಾಗ ಅಥವಾ ಅಡಿಯ ಮಣ್ಣು ಜರುಗಿದಾಗ. ಕಾಂಕ್ರೀಟ್ ಕೊಳವೆಯ ಕಥೆ ಬೇರೆ. ಹರಿವು ನಿಧಾನವಾದಲ್ಲಿ ಕೊಳಚೆಯೊಳಗೆ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಮೇಲೇರಿ, ಕೊಳವೆಯ ಒದ್ದೆ ನೆತ್ತಿಯ ಮೇಲಿನ ಬ್ಯಾಕ್ಟೀರಿಯಾಗಳಿಂದ ಗಂಧಕಾಮ್ಲವಾಗಿ ಮಾರ್ಪಟ್ಟು ಕಾಂಕ್ರೀಟನ್ನು ಒಳಗಿನಿಂದಲೇ ತಿನ್ನುತ್ತದೆ. ಪಂಪಿನಿಂದ ಒತ್ತಿ ಬಂದ ನೀರು, ಇಳಿಜಾರಿನಿಂದಲೇ ಹರಿಯುವ ಗುರುತ್ವದ ಕೊಳವೆಗೆ ಬೀಳುವ ಜಾಗದಲ್ಲಿ ಇದು ತೀವ್ರವಾಗಿರುವುದರಿಂದ ಅಂತಹ ಮ್ಯಾನ್‌ಹೋಲ್‌ಗಳನ್ನು ಮೊದಲು ತೆರೆದು ನೋಡಿ.

ಪ್ರತಿ ಮ್ಯಾನ್‌ಹೋಲ್‌ನ ಸ್ಥಳ ಮತ್ತು ಆಳ, ಕೊಳವೆಯ ವಸ್ತು, ವ್ಯಾಸ ಮತ್ತು ಹಾಕಿದ ವರ್ಷ, ಬಂದ ದೂರುಗಳು, ಇವೆಲ್ಲ ಒಂದೇ ದಾಖಲೆಯಲ್ಲಿ ಸೇರಬೇಕು. ನಂತರ ಕೊಳವೆಯೊಳಗೆ ಕ್ಯಾಮೆರಾ ಓಡಿಸಿ, ಸ್ಥಿತಿ ನೋಡಿ 1ರಿಂದ 5ರವರೆಗೆ ದರ್ಜೆ ಕೊಡಿ (5 ಎಂದರೆ ತೀರ ಕೆಟ್ಟದ್ದು). ಆದರೆ ದರ್ಜೆಯಿಂದಲೇ ಸರದಿ ನಿರ್ಧಾರವಾಗಬಾರದು. ಓಣಿಯ ಕೊನೆಯಲ್ಲಿರುವ 5ನೇ ದರ್ಜೆಯ ಸಣ್ಣ ಕೊಳವೆಗಿಂತ, ಆಸ್ಪತ್ರೆಯ ಮುಂದೆ ಹಾದುಹೋಗುವ 4ನೇ ದರ್ಜೆಯ ಮುಖ್ಯ ಕೊಳವೆ ಒಡೆದರೆ ಆಗುವ ಹಾನಿ ಬಹಳ ದೊಡ್ಡದು.

ಅಗೆದು ಬದಲಿಸುವುದೊಂದೇ ದಾರಿಯೂ ಅಲ್ಲ. ಆಕಾರ ಕೆಡದ ಕೊಳವೆಯೊಳಗೆ ರಾಳ ತೋಯಿಸಿದ ಬಟ್ಟೆಯ ಚೀಲವನ್ನು ತೂರಿಸಿ, ಬಿಸಿನೀರು ಅಥವಾ ಹಬೆಯಿಂದ ಗಟ್ಟಿಗೊಳಿಸಿ ಹೊಸ ಒಳಪದರ ಮಾಡುವ ವಿಧಾನ 1971ರಲ್ಲಿ ಲಂಡನ್ನಿನಲ್ಲಿ ಮೊದಲು ಬಳಕೆಗೆ ಬಂದಿತು. ಪೂರ್ತಿ ಕುಸಿದ ಅಥವಾ ಇಳಿಜಾರು ತಪ್ಪಿದ ಕೊಳವೆಗೆ ಅದು ಪರಿಹಾರವಾಗದು.

ಉತ್ತರ 2 (ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದವರು)

ಹಣದ ವಿಷಯಕ್ಕೆ ಬಂದರೆ, ಒಳಚರಂಡಿ ಶುಲ್ಕಕ್ಕೆ ಪ್ರತ್ಯೇಕ ಖಾತೆ ತೆರೆಯದಿದ್ದರೆ ಮಿಕ್ಕ ಯಾವ ಲೆಕ್ಕಾಚಾರವೂ ನಿಲ್ಲುವುದಿಲ್ಲ. ಸಾಮಾನ್ಯ ನಿಧಿಯಲ್ಲಿ ಬೆರೆತ ಹಣ ಕಣ್ಣಿಗೆ ಕಾಣುವ ರಸ್ತೆಗೂ ದೀಪಕ್ಕೂ ಹೋಗುತ್ತದೆ. ನೆಲದಡಿಯ ಕೊಳವೆಯ ಪರ ಮಾತನಾಡುವವರು ಬಜೆಟ್ ಸಭೆಯಲ್ಲಿ ಯಾರೂ ಇರುವುದಿಲ್ಲ. ನಲವತ್ತು ವರ್ಷದ ಹಿಂದಿನ ಕೊಳವೆಯ ಸವಕಳಿಯನ್ನು, ಅಂದರೆ ಪ್ರತಿ ವರ್ಷ ಇಳಿಯುವ ಮೌಲ್ಯವನ್ನು, ಅಂದಿನ ಬೆಲೆಯ ಮೇಲೆ ಲೆಕ್ಕ ಹಾಕಿದರೆ ಕೂಡುವ ಮೊತ್ತ ಏನೇನೂ ಸಾಲದು. ಇಂದು ಅದನ್ನೇ ಹಾಕಲು ತಗಲುವ ವೆಚ್ಚವನ್ನು ಆಧಾರವಾಗಿ ಹಿಡಿದು ಪ್ರತಿ ವರ್ಷ ಮೀಸಲು ನಿಧಿಗೆ ಹಣ ತೆಗೆದಿಡಬೇಕು.

ಸಾಲ ತಪ್ಪಲ್ಲ. ಐವತ್ತು ವರ್ಷ ಬಾಳುವ ಕೊಳವೆಯ ವೆಚ್ಚವನ್ನು ಅದನ್ನು ಮುಂದೆ ಬಳಸುವವರೂ ಹೊರುವುದು ನ್ಯಾಯವೇ. ಹೂಳು ತೆಗೆಯುವುದು, ಜೆಟ್ಟಿಂಗ್ (ಒತ್ತಡದ ನೀರು ಹಾಯಿಸಿ ಕೊಳವೆ ತೊಳೆಯುವುದು), ಪಂಪಿನ ದುರಸ್ತಿ ಮುಂತಾದ ವರ್ಷವರ್ಷದ ಖರ್ಚಿಗೆ ಮಾತ್ರ ಸಾಲ ಮಾಡಬಾರದು. ಶುಲ್ಕದಲ್ಲಿ ನೀರಿನ ಬಳಕೆಯನ್ನು ಅನುಸರಿಸುವ ಭಾಗದ ಜೊತೆಗೆ ಒಂದು ಸ್ಥಿರ ಭಾಗವೂ ಇರಲಿ, ಏಕೆಂದರೆ ಬಳಕೆ ಇಳಿದರೂ ಕೊಳವೆಯ ಖರ್ಚು ಇಳಿಯುವುದಿಲ್ಲ. ಹೊರೆ ತಾಳಲಾರದ ಮನೆಗಳಿಗೆ ರಿಯಾಯಿತಿಯನ್ನು ಆರಂಭದಲ್ಲೇ ಸೇರಿಸಿದರೆ ಶುಲ್ಕ ಏರಿಕೆಗೆ ಒಪ್ಪಿಗೆ ಸಿಗುವುದು ಸುಲಭ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇಡೀ ಜಾಲಕ್ಕೆ ಕ್ಯಾಮೆರಾ ಓಡಿಸುವಷ್ಟು ಹಣ ಈ ವರ್ಷ ಇಲ್ಲ. ಕಡಿಮೆ ಖರ್ಚಿನಲ್ಲಿ ಆರಂಭಿಸುವ ಬಗೆ ಇದೆಯೇ?

ಉತ್ತರ 3 (ನಿರ್ವಹಣಾ ಮೇಲ್ವಿಚಾರಕರು)

ಇದೆ. ನಡುರಾತ್ರಿ ಎರಡರಿಂದ ನಾಲ್ಕು ಗಂಟೆಯವರೆಗೆ ಮನೆಗಳ ಬಳಕೆ ಬಹುತೇಕ ನಿಂತಿರುತ್ತದೆ. ಆ ಹೊತ್ತಿನಲ್ಲಿ, ಮಳೆಯಿಲ್ಲದ ದಿನವೂ, ಒಂದು ಬಡಾವಣೆಯ ಕೊನೆಯ ಮ್ಯಾನ್‌ಹೋಲ್‌ನಲ್ಲಿ ತಿಳಿಯಾದ ನೀರು ಜೋರಾಗಿ ಹರಿಯುತ್ತಿದ್ದರೆ ಅಂತರ್ಜಲವೋ ಸೋರುವ ನಲ್ಲಿ ನೀರೋ ಕೊಳವೆ ಸೇರುತ್ತಿದೆ ಎಂದು ಅನುಮಾನಿಸಬಹುದು. ಮಳೆ ಬಂದ ಕೂಡಲೇ ಹರಿವು ಏರಿದರೆ ಮನೆಗಳ ಚಾವಣಿಯ ನೀರನ್ನು ಒಳಚರಂಡಿಗೆ ಜೋಡಿಸಿರುವ ಸಾಧ್ಯತೆ ಹೆಚ್ಚು. ಕೃತಕ ಹೊಗೆ ಬಿಟ್ಟು ನೋಡಿದರೆ ಅಂತಹ ಮನೆಯ ಮಳೆನೀರಿನ ಕೊಳವೆಯಿಂದ ಹೊಗೆ ಹೊರಬರುತ್ತದೆ. ಈ ನೀರನ್ನು ತಡೆದರೆ ಪಂಪಿನ ವಿದ್ಯುತ್ ಉಳಿಯುತ್ತದೆ, ಆ ಉಳಿತಾಯದಿಂದಲೇ ಅನುಮಾನವಿರುವ ಸಾಲುಗಳಿಗೆ ಕ್ಯಾಮೆರಾ ತರಬಹುದು.

ಒಂದು ಬಾಬತ್ತನ್ನು ಮಾತ್ರ ಯಾವ ಕಾರಣಕ್ಕೂ ಕಡಿತಗೊಳಿಸಬೇಡಿ. ಜೆಟ್ಟಿಂಗ್ ಮತ್ತು ಹೀರುವ ಯಂತ್ರ, ಅನಿಲ ಅಳೆಯುವ ಉಪಕರಣ, ಇವುಗಳಿಗೆ ಮೊದಲ ವರ್ಷವೇ ಹಣ ಇಡಬೇಕು. ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಹೆಚ್ಚಾದಾಗ ಮೂಗು ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ವಾಸನೆಯಿಲ್ಲ ಎಂದು ಒಳಗಿಳಿದವನು ಮೇಲೆ ಬರುವುದಿಲ್ಲ, ಅವನನ್ನು ಎತ್ತಲು ಇಳಿದವನ ಪಾಡೂ ಅದೇ ಆಗುತ್ತದೆ. ಮನುಷ್ಯ ಮ್ಯಾನ್‌ಹೋಲ್‌ಗೆ ಇಳಿಯದೆಯೇ ಕೆಲಸ ಮುಗಿಯಬೇಕೆಂಬ ಷರತ್ತನ್ನು ಟೆಂಡರಿನಲ್ಲೇ ಬರೆಯಿಸಿ, ಅದಕ್ಕೆ ತಗಲುವ ವೆಚ್ಚವನ್ನು ಅಂದಾಜುಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ.